ಕೂದಲು ಕೊಳ್ಳುವಾಕಿ ಕಲಿಸಿದ್ದು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತು)



ವ್ಯಾಪಾರದಲ್ಲಿ ಹೇಗೆ ಮೇಲೆ ಬಂದಿರಿ, ಮಕ್ಕಳಿಗೆ ಹೇಳಿ ಎಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದ್ದಾರೆ. ಬಹಳ ಮೇಲೇನೂ ಬಂದಿಲ್ಲ. ಕೊಪ್ಪಳದಲ್ಲಿ ಒಂದು ಪಾತ್ರೆ ಅಂಗಡಿ ಇದೆ, ಅಷ್ಟೆ. ಲಾಭ-ನಷ್ಟದ ಲೆಕ್ಕ ಈ ಶಾಲೆಯಲ್ಲಿ ಕಲಿತೆ. ಉಳಿದದ್ದನ್ನು ಕಲಿಸಿದವಳ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ.

ಅದು 1986. ಕೊಪ್ಪಳ ಆಗ ರಾಯಚೂರು ಜಿಲ್ಲೆಯ ಒಂದು ತಾಲೂಕು. ಗಂಗಾವತಿ ಕಡೆ ತುಂಗಭದ್ರೆಯ ಕಾಲುವೆ, ಭತ್ತದ ಗದ್ದೆ. ನಮ್ಮ ಯಲಬುರ್ಗಾ, ಕುಷ್ಟಗಿ ಕಡೆ ಮುಗಿಲು ನೋಡುವ ಒಕ್ಕಲುತನ. ಮಳೆ ಕೈಕೊಟ್ಟಿತ್ತು. ನಾನು ಸೈಕಲ್ಲಿಗೆ ಪಾತ್ರೆ ಕಟ್ಟಿಕೊಂಡು ಹಳ್ಳಿ ತಿರುಗುತ್ತಿದ್ದೆ. ಉದ್ರಿ ಬರೆದ ಪುಸ್ತಕ ದಪ್ಪ ಆಗಿತ್ತು, ಕಿಸೆ ತೆಳ್ಳಗೆ.

ಕುಷ್ಟಗಿ ತಾಲೂಕಿನ ಒಂದು ಊರಲ್ಲಿ ಬೇವಿನ ಗಿಡದ ಕೆಳಗೆ ದಣಿವಾರಿಸಿಕೊಳ್ಳಲು ಕೂತಾಗ ಆಕೆ ಬಂದಳು. ತಲೆಯ ಮೇಲೆ ಬುಟ್ಟಿ, ಅದರಲ್ಲಿ ಪಿನ್ನು, ಪುಗ್ಗೆ, ನಾಲ್ಕು ಸಣ್ಣ ಪಾತ್ರೆ. ಹೆಂಗಸರು ಬಾಚುವಾಗ ಉದುರಿದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಗೆ ಸಿಗಿಸಿಡುತ್ತಾರಲ್ಲ, ಅದನ್ನು ಕೊಳ್ಳುವಾಕಿ. ನಾನು ಒಳಗೊಳಗೇ ನಕ್ಕೆ. ಇಲ್ಲಿ ಕುಳಿತ ಭಾಗ್ಯನಗರದವರು ಕ್ಷಮಿಸಬೇಕು; ಆ ಸಿಕ್ಕು ಬಿಡಿಸಿ, ತೊಳೆದು, ಉದ್ದದ ಪ್ರಕಾರ ಬೇರ್ಪಡಿಸಿ ಕಟ್ಟು ಕಟ್ಟಿದರೆ ವಿಗ್ಗಿಗಾಗಿ ಚೀನಾದವರೆಗೂ ಹೋಗುತ್ತದೆ, ಎಷ್ಟೋ ಮನೆಗಳ ಒಲೆ ಉರಿಸುತ್ತದೆ ಎಂಬುದು ನನಗಾಗ ತಿಳಿದಿರಲಿಲ್ಲ.

ನನ್ನ ಉದ್ರಿ ಪುಸ್ತಕ ನೋಡಿ ಆಕೆ ಅಂದಳು: "ನನಗ ಬರಿಯಾಕ ಬರಂಗಿಲ್ಲಪ್ಪ. ಅದಕ್ಕ ಉದ್ರಿ ಕೊಡಂಗಿಲ್ಲ, ತೊಗೊಳ್ಳಂಗೂ ಇಲ್ಲ."

ಅಷ್ಟರಲ್ಲಿ ಹತ್ತು-ಹನ್ನೊಂದು ವರ್ಷದ ಹುಡುಗಿ ಓಡಿ ಬಂದಳು. ಕೈಯಲ್ಲಿ ಕತ್ತರಿಸಿದ ಉದ್ದ ಜಡೆ, ತನ್ನದೇ. ಬುಟ್ಟಿಯಲ್ಲಿದ್ದ ಸ್ಟೀಲ್ ಡಬ್ಬಿ ಬೇಕಂತೆ. ಉದುರಿದ ಕೂದಲಿಗಿಂತ ಅಂಥ ಜಡೆಗೆ ಬೆಲೆ ಎಷ್ಟೋ ಹೆಚ್ಚು. ಆಕೆ ಅದನ್ನು ಮುಟ್ಟಲೇ ಇಲ್ಲ. ಹುಡುಗಿಯ ಕೈಹಿಡಿದು ಮನೆಗೆ ಕರೆದೊಯ್ದು ತಾಯಿಗೆ ಒಪ್ಪಿಸಿದಳು. ಒಳಗಿನಿಂದ ಬೈಗುಳ, ಅಳು ಕೇಳಿಸಿತು. ಬರಿಗೈಯಲ್ಲಿ ತಿರುಗಿ ಬಂದಾಗ, "ಇವತ್ತಿನ ದೊಡ್ಡ ಗಿರಾಕಿ ಕಳಕೊಂಡಿ" ಅಂದೆ.

"ತೊಗೊಂಡಿದ್ರ ಇವತ್ತ ಲಾಭ ಆಗತಿತ್ತು. ಮುಂದಿನ ತಿಂಗಳ ಈ ಓಣ್ಯಾಗ ಯಾರು ಬಾಗಲಾ ತೆಗೀತಿದ್ರು?" ಅಂದು ಬುಟ್ಟಿ ಎತ್ತಿಕೊಂಡು ಹೋದಳು.

ನನ್ನ ಮೈ ಬೆವೆತಿತ್ತು. ಅವತ್ತು ಬೆಳಿಗ್ಗೆ ಹಿಂದಿನ ಊರಲ್ಲಿ, ತಳ ಸೀಳಿದ್ದ ಒಂದು ಕೊಡವನ್ನು ಗೊತ್ತಿದ್ದೂ ಒಬ್ಬ ಹೆಣ್ಣುಮಗಳಿಗೆ ಮಾರಿ ಬಂದಿದ್ದೆ. ಅದೂ ನಗದಿಗೆ. ಕೂಡಲೇ ತಿರುಗಿ ಹೋದೆನೆಂದು ಹೇಳಿದರೆ ನಿಮಗೆ ಚಂದ ಅನ್ನಿಸೀತು. ಹೋಗಲಿಲ್ಲ. ಎಂಟು ದಿನ ಮನಸ್ಸು ಹೊಯ್ದಾಡಿತು. ಕೊನೆಗೆ ಹೊಸ ಕೊಡ ಹಿಡಿದು ಹೋದರೆ ಮನೆಗೆ ಬೀಗ. ಗಂಡ-ಹೆಂಡತಿ ಗುಳೆ ಹೋಗಿದ್ದರು. ಆ ಕೊಡವನ್ನು ಮಾರದೆ ಇಟ್ಟುಕೊಂಡೆ.

ಯುಗಾದಿಗೆ ಅವರು ಊರಿಗೆ ಬಂದ ಸುದ್ದಿ ಕೇಳಿ ಮತ್ತೆ ಹೋದೆ. ಆಕೆ ಹೊಸ ಕೊಡ ಇಸಕೊಂಡಳು, ಒಂದು ಮಾತೂ ಬೈಯಲಿಲ್ಲ. ಹಳೆಯದನ್ನು ಕೊಡಲು ಮಾತ್ರ ಒಪ್ಪಲಿಲ್ಲ. ಸೀಳಿಗೆ ಅರಗು ಮೆತ್ತಿ ಅದರಲ್ಲಿ ಬಿತ್ತನೆಯ ಜೋಳ ತುಂಬಿಟ್ಟಿದ್ದಳು.