ಸೂಜಿ ಹಿಡಿದ ಕೈಗಳಿಗೂ ಹೆಸರಿದೆ

(ಶಿಕ್ಷಣ ಸಂಘದ ವಾರ್ಷಿಕೋತ್ಸವದ ಅಂಗವಾಗಿ ನಡೆದ ವಿದ್ಯಾರ್ಥಿನಿಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ಫ್ಯಾಷನ್ ಬೆಳೆಸಿದ ಮಹಿಳೆಯರ ಬಗ್ಗೆ ಮಾತನಾಡಬೇಕೆಂದು ನನಗೆ ಹೇಳಿದ್ದಾರೆ. ಶಿಕ್ಷಣ ಸಂಘದ ವೇದಿಕೆಗೂ ಫ್ಯಾಷನ್ನಿಗೂ ಏನು ಸಂಬಂಧ ಎಂದು ಸಭೆಯಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಅನ್ನಿಸಲಿ, ತಪ್ಪಿಲ್ಲ. ನಾನು ಭಾಷೆ ಕಲಿಸುವವರ ಪೈಕಿ, ಆದ್ದರಿಂದ ಪದಗಳಿಂದಲೇ ಆರಂಭಿಸುತ್ತೇನೆ. ಜರಿ, ಜೇಬು, ಶಾಲು, ಪೈಜಾಮ, ರುಮಾಲು, ದರ್ಜಿ. ಇವೆಲ್ಲ ಫಾರಸಿ, ಅರಬ್ಬಿಗಳಿಂದ ಹೊರಟು ಉರ್ದುವಿನಲ್ಲಿ ತಂಗಿ ಕನ್ನಡದ ಮನೆ ಸೇರಿದ ಮಾತುಗಳು. ರುಮಾಲು ಎಂದರೆ ಮೂಲದಲ್ಲಿ ಮುಖ ಒರೆಸುವ ಬಟ್ಟೆ. ಕನ್ನಡಕ್ಕೆ ಬರುವಷ್ಟರಲ್ಲಿ ಅದು ತಲೆಗೇರಿ ಕುಳಿತಿತು! ಬಟ್ಟೆಗಳ ಹೆಸರುಗಳು ಹೀಗೆ ದೇಶದಿಂದ ದೇಶಕ್ಕೆ ಸುಖವಾಗಿ ಪ್ರಯಾಣ ಮಾಡಿವೆ. ಆದರೆ ಆ ಬಟ್ಟೆಯನ್ನು ಕತ್ತರಿಸಿ ಹೊಲಿದವರ ಹೆಸರು? ಅದು ಹೊಲಿದ ಊರಿನಲ್ಲೇ ಉಳಿದುಹೋಯಿತು. ಇಂದು ನಾನು ಹೇಳಬೇಕೆಂದಿರುವುದು ಆ ಹೆಸರುಗಳ ಬಗ್ಗೆ.

ನಮ್ಮ ದೇಶದಿಂದಲೇ ಮೊದಲು ಮಾಡೋಣ. ಜಹಾಂಗೀರ್ ಬಾದಶಹನ ಬೇಗಂ ನೂರ್ ಜಹಾನ್ (1577-1645) ಹೆಸರು ನೀವೆಲ್ಲ ಇತಿಹಾಸದ ಪಾಠದಲ್ಲಿ ಓದಿದ್ದೀರಿ. ಆಕೆ ಬೇಟೆಯಲ್ಲಿ ನಿಪುಣೆ, ರಾಜಕಾರಣದಲ್ಲಿ ಚತುರೆ. ಮೊಗಲರ ಇತಿಹಾಸ ಬರೆದವರು ಆಕೆಗೆ ಇನ್ನೊಂದು ಕೀರ್ತಿಯನ್ನೂ ಕೊಟ್ಟಿದ್ದಾರೆ. ಕಿನಾರಿಯ ಹೊಸ ಮಾದರಿ, ಐದು ತೊಲ ತೂಗುವ 'ಪಂಚತೋಲಿಯಾ' ಎಂಬ ತೆಳು ಬಟ್ಟೆಯ ಓಢಣಿ ಆಕೆಯ ಕಲ್ಪನೆ ಎನ್ನುತ್ತಾರೆ. ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು 'ನೂರ್‌ಮಹಲಿ'. ಬಡವರ ಮದುವೆಗೆಂದು ಆಕೆ ರೂಢಿಗೆ ತಂದಳೆನ್ನುವ ಉಡುಪು ಇದು. ವಧೂವರರ ಬಟ್ಟೆ ಇಪ್ಪತ್ತೈದು ರೂಪಾಯಿಯಲ್ಲಿ ಮುಗಿಯುತ್ತಿತ್ತಂತೆ. ಈಗಿನ ಮದುವೆಗಳಲ್ಲಿ ಒಂದು ಲೆಹಂಗಾದ ಬೆಲೆ ಕೇಳಿದವರಿಗೆ ನೂರ್ ಜಹಾನ್ ಮತ್ತೆ ಹುಟ್ಟಿ ಬರಲಿ ಎನ್ನಿಸದಿರದು. ಇರಲಿ. ಇಲ್ಲಿ ನಾವು ಗಮನಿಸಬೇಕಾದ ಮಾತು ಬೇರೆ. ಬೇಗಮರ ಹೆಸರು ಉಳಿಯಿತು, ಐದು ತೊಲದ ಬಟ್ಟೆ ನೇಯ್ದವರ ಹೆಸರು ಉಳಿಯಲಿಲ್ಲ.

ಹೊಲಿಯುವ ಕೈಗೆ ಹೆಸರು ಬಂದದ್ದು ಯಾವಾಗ? ಅದನ್ನು ನೋಡಲು ನಾವು ಫ್ರಾನ್ಸಿಗೆ ಹೋಗಬೇಕು. ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನಲ್ಲಿ ರೋಸ್ ಬರ್ತಿನ್ ಎಂಬ ಮಹಿಳೆ ಅಂಗಡಿ ಇಟ್ಟಿದ್ದರು. 1747ರಲ್ಲಿ ಅಬ್ಬೆವಿಲ್ ಎಂಬ ಊರಿನ ಸಾಮಾನ್ಯ ಮನೆಯಲ್ಲಿ ಹುಟ್ಟಿದವರು. ಅವರ ಅಂಗಡಿಯ ಹೆಸರು ಕೇಳಿದರೆ ನಿಮಗೆ ಆಶ್ಚರ್ಯವಾದೀತು: 'ಗ್ರ್ಯಾಂಡ್ ಮೊಗಲ್'! ನಮ್ಮ ಮೊಗಲ್ ದರ್ಬಾರಿನ ವೈಭವ ಆ ಕಾಲದ ಪ್ಯಾರಿಸ್ಸಿಗರಿಗೆ ಅಷ್ಟು ದೊಡ್ಡ ಆಕರ್ಷಣೆಯಾಗಿತ್ತು. ರಾಣಿ ಮೇರಿ ಆಂಟ್ವನೆಟ್‌ಗೆ ಬರ್ತಿನ್ ಉಡುಪು ಸಿದ್ಧಪಡಿಸುತ್ತಿದ್ದರು. ಜನ ಅವರನ್ನು 'ಫ್ಯಾಷನ್ ಮಂತ್ರಿ' ಎಂದು ಹಾಸ್ಯ ಮಾಡುತ್ತಿದ್ದರು. ಆದರೆ ಹಾಸ್ಯದ ಹಿಂದೆ ಹೊಟ್ಟೆಯುರಿ ಇತ್ತು, ದರ್ಜಿ ಕೆಲಸದ ಹೆಣ್ಣಿಗೆ ಅರಮನೆಯಲ್ಲಿ ಇಷ್ಟು ಸಲಿಗೆಯೇ ಎಂದು. ಬಟ್ಟೆ ತೊಡಿಸಿದ ಗೊಂಬೆಗಳನ್ನು ಯೂರೋಪಿನ ರಾಜಧಾನಿಗಳಿಗೆ ಕಳಿಸಿ ಪ್ಯಾರಿಸ್ಸಿನ ಹೊಸ ಮಾದರಿಗಳನ್ನು ತೋರಿಸುವುದು ಆ ಕಾಲದ ಪದ್ಧತಿ. ಫ್ಯಾಷನ್ ಪತ್ರಿಕೆಗಳು ಬರುವ ಮುಂಚಿನ ಜಾಹೀರಾತು ಅದು.

1783ರಲ್ಲಿ ಪ್ಯಾರಿಸ್ಸಿನ ಚಿತ್ರಪ್ರದರ್ಶನದಲ್ಲಿ ಒಂದು ಗಲಾಟೆಯಾಯಿತು. ವಿಜೆ ಲೆ ಬ್ರೂನ್ ಎಂಬ ಕಲಾವಿದೆ ರಾಣಿಯ ಚಿತ್ರ ಬರೆದಿದ್ದರು. ಅದರಲ್ಲಿ ರಾಣಿ ರೇಷ್ಮೆಯ ಬದಲು ಬಿಳಿ ಮಸ್ಲಿನ್ನಿನ, ಅಂದರೆ ಉರ್ದುವಿನಲ್ಲಿ ನಾವು ಮಲ್‌ಮಲ್ ಎನ್ನುವ ಬಟ್ಟೆಯ, ಸಡಿಲ ಉಡುಪು ತೊಟ್ಟಿದ್ದಳು. ಒಳ ಉಡುಪಿನಲ್ಲಿ ಕುಳಿತಂತಿದೆ ಎಂದು ಜನ ಬೈದರು. ರಾಣಿಯೇ ರೇಷ್ಮೆ ಬಿಟ್ಟರೆ ಲಿಯೋನ್ ನಗರದ ನೇಕಾರರ ಗತಿಯೇನು ಎಂಬ ಆಕ್ಷೇಪವೂ ಬಂತು. ಚಿತ್ರವನ್ನು ತೆಗೆದು, ರೇಷ್ಮೆ ತೊಟ್ಟ ಇನ್ನೊಂದು ಚಿತ್ರ ಇಟ್ಟರು. ಆದರೆ ಹೆಂಗಸರು ಆ ಬಿಳಿ ಉಡುಪನ್ನೇ ಮೆಚ್ಚಿದರು, ಬಿಗಿಯುಡುಪಿನ ಕಾಲ ಅಲ್ಲಿಂದ ಸಡಿಲವಾಗತೊಡಗಿತು. ಮಸ್ಲಿನ್ನಿಗೆ ಆಗ ಜಗತ್ತಿನಲ್ಲಿ ಹೆಸರಾಗಿದ್ದುದು ನಮ್ಮ ಬಂಗಾಳ, ಅದರಲ್ಲೂ ಢಾಕಾ. ಒಂದು ಚಿತ್ರದಲ್ಲಿ ರಾಣಿ, ಕಲಾವಿದೆ ಇಬ್ಬರ ಹೆಸರೂ ಇದೆ. ನೂಲು ತೆಗೆದ ಹೆಣ್ಣುಮಕ್ಕಳದು ಎಲ್ಲಿಯೂ ಇಲ್ಲ. ಬರ್ತಿನ್ ಅವರ ಹೆಸರು ಉಳಿಯಿತಾದರೂ ಹಣ ಉಳಿಯಲಿಲ್ಲ. ಕ್ರಾಂತಿ ಬಂತು, ದೊಡ್ಡ ಮನೆತನದ ಗಿರಾಕಿಗಳು ಕಂಗಾಲಾದರು, ಅವರ ಬಾಕಿಗಳು ಬಾಕಿಯಾಗಿಯೇ ಉಳಿದವು. 1813ರಲ್ಲಿ ಅವರು ತೀರಿಕೊಂಡರು.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರವಾದ ಒಬ್ಬರ ವಿಷಯಕ್ಕೆ ಬರುತ್ತೇನೆ. ಎಲಿಜಬೆತ್ ಕೆಕ್ಲಿ. 1818ರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ ಕಪ್ಪು ಜನಾಂಗದ ಹೆಣ್ಣುಮಗಳು. ತಾಯಿ ಒಡೆಯರ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು, ಮಗಳು ತಾಯಿಯಿಂದ ಕಲಿತರು. ಮುಂದೆ ಒಡೆಯರ ಮನೆತನ ಸೇಂಟ್ ಲೂಯಿಸ್ ನಗರಕ್ಕೆ ಹೋಯಿತು, ಕೈ ಬರಿದಾಯಿತು. ವಯಸ್ಸಾದ ತಾಯಿಯನ್ನು ಹೊರಗೆ ದುಡಿಯಲು ಕಳಿಸುವ ಮಾತು ಬಂದಾಗ, ಬೇಡ, ನಾನು ಹೊಲಿದು ತರುತ್ತೇನೆ ಎಂದು ಮಗಳು ನಿಂತರು. ಎರಡು ವರ್ಷ ಐದು ತಿಂಗಳು ಹದಿನೇಳು ಜನರ ಹೊಟ್ಟೆ ಆ ಒಂದು ಸೂಜಿಯಿಂದ ತುಂಬಿತು. ಆ ಹದಿನೇಳರಲ್ಲಿ ಅವರನ್ನು ಗುಲಾಮಳನ್ನಾಗಿ ಇಟ್ಟುಕೊಂಡವರೂ ಸೇರಿದ್ದರು ಎಂಬುದನ್ನು ಮರೆಯಬಾರದು.

ತನಗೂ ತನ್ನ ಮಗನಿಗೂ ಬಿಡುಗಡೆಯ ಬೆಲೆ ಎಷ್ಟು ಎಂದು ಕೆಕ್ಲಿ ಒಡೆಯರನ್ನು ಕೇಳಿದರು. ಒಡೆಯ ಮೊದಲು ಆ ಮಾತೇ ಬೇಡವೆಂದ. ಮತ್ತೆ ಕೇಳಿದಾಗ ಒಂದು ಬೆಳ್ಳಿ ನಾಣ್ಯ ತೆಗೆದುಕೊಟ್ಟು, ಇದು ಹೊಳೆ ದಾಟುವ ದೋಣಿಯ ಬಾಡಿಗೆ, ಬೇಕಾದರೆ ಹೋಗು ಎಂದ. ಹೊಳೆಯ ಆಚೆ ದಡದ ರಾಜ್ಯದಲ್ಲಿ ಗುಲಾಮಗಿರಿ ಇರಲಿಲ್ಲ. ಕೆಕ್ಲಿ ಒಪ್ಪಲಿಲ್ಲ. ಓಡಿಹೋಗಿ ಅಲ್ಲ, ಕಾನೂನಿನ ಪ್ರಕಾರವೇ ಬಿಡುಗಡೆ ಪಡೆಯುತ್ತೇನೆ ಎಂದರು. ಕೊನೆಗೆ ಬೆಲೆ ಗೊತ್ತಾಯಿತು: 1,200 ಡಾಲರ್. ಅವರ ಬಳಿ ಬಟ್ಟೆ ಹೊಲಿಸುತ್ತಿದ್ದ ಹೆಂಗಸರು ಹಣ ಒಟ್ಟುಮಾಡಿ ಕೊಟ್ಟರು. ಕೆಕ್ಲಿ ಅದನ್ನು ದಾನವಾಗಿ ತೆಗೆದುಕೊಳ್ಳಲಿಲ್ಲ, ಸಾಲವೆಂದು ಬರೆದುಕೊಂಡರು. 1855ರಲ್ಲಿ ಬಿಡುಗಡೆಯ ಪತ್ರ ಕೈಗೆ ಬಂತು. ಆಮೇಲೆ ಹೊಲಿದು ಹೊಲಿದು ಸಾಲವನ್ನು ಪೂರ್ತಿ ತೀರಿಸಿದರು.

1860ರಲ್ಲಿ ಬಾಲ್ಟಿಮೋರ್ ನಗರಕ್ಕೆ ಹೋಗಿ ಕಪ್ಪು ಹುಡುಗಿಯರಿಗೆ ಅಳತೆ, ಕತ್ತರಿ ಕೆಲಸ ಕಲಿಸುವ ಪ್ರಯತ್ನ ಮಾಡಿದರು. ಅದು ಕೈಗೂಡಲಿಲ್ಲ. ಕೈಯಲ್ಲಿ ಹೆಚ್ಚು ಕಾಸಿಲ್ಲದೆ ವಾಷಿಂಗ್ಟನ್ ಸೇರಿದರು. ಮರುವರ್ಷ ಅಬ್ರಹಾಂ ಲಿಂಕನ್ ಅಧ್ಯಕ್ಷರಾದಾಗ ಅವರ ಪತ್ನಿ ಮೇರಿ ಲಿಂಕನ್ ಕೆಕ್ಲಿಯನ್ನು ನೇಮಿಸಿಕೊಂಡರು. ಮೊದಲ ಕೆಲವೇ ತಿಂಗಳಲ್ಲಿ ಹದಿನೈದು ಹದಿನಾರು ಗೌನುಗಳು. ಅದೇ ವರ್ಷ ಒಬ್ಬನೇ ಮಗ ಯುದ್ಧದಲ್ಲಿ ಮಡಿದ. ಮಗನ ಶೋಕದ ನಡುವೆಯೂ ಹೊಲಿಗೆ ನಿಲ್ಲಲಿಲ್ಲ. 1862ರಲ್ಲಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಬಡವರಿಗಾಗಿ ಒಂದು ಪರಿಹಾರ ಸಂಘವನ್ನೂ ಕಟ್ಟಿದರು. 1868ರಲ್ಲಿ ತಮ್ಮ ಜೀವನದ ಕಥೆಯನ್ನು ಪುಸ್ತಕವಾಗಿ ಬರೆದರು. ಶ್ವೇತಭವನದ ಒಳಗಿನ ಮಾತು ಹೊರಗೆ ಹಾಕಿದಳು ಎಂದು ಸಮಾಜ ಅವರ ಮೇಲೆ ಬಿತ್ತು. ಗಿರಾಕಿಗಳು ದೂರವಾದರು. ಗೌನು ಹೊಲಿಯಬಹುದು, ಪುಸ್ತಕ ಬರೆಯಬಾರದು ಎಂಬುದು ಅಂದಿನ ದೊಡ್ಡವರ ತೀರ್ಪು. ನನ್ನ ಲೆಕ್ಕದಲ್ಲಿ ಅವರು ಹೊಲಿದ ಎಲ್ಲ ಗೌನುಗಳಿಗಿಂತ ಆ ಪುಸ್ತಕ ದೊಡ್ಡದು. ಅದಿಲ್ಲದಿದ್ದರೆ ನಾನು ಈಗ ಹೇಳಿದ ಬೆಳ್ಳಿ ನಾಣ್ಯದ ಮಾತು ನಮಗೆ ಸಿಗುತ್ತಲೇ ಇರಲಿಲ್ಲ. ಎಪ್ಪತ್ತು ದಾಟಿದ ಮೇಲೆ, 1892ರಲ್ಲಿ, ಒಹಾಯೋ ರಾಜ್ಯದ ವಿಲ್ಬರ್‌ಫೋರ್ಸ್ ವಿಶ್ವವಿದ್ಯಾಲಯದಲ್ಲಿ ಹೊಲಿಗೆ ಕಲಿಸುವ ಅಧ್ಯಾಪಕಿಯಾದರು. ಬಾಲ್ಟಿಮೋರಿನಲ್ಲಿ ಕೈಗೂಡದ ಪಾಠ ಮೂವತ್ತೆರಡು ವರ್ಷಗಳ ನಂತರ ಕೈಗೂಡಿತು. 1907ರಲ್ಲಿ, ವಾಷಿಂಗ್ಟನ್ನಿನ ಒಂದು ನಿರ್ಗತಿಕರ ಆಶ್ರಮದಲ್ಲಿ ನಿಧನರಾದರು.

ಫ್ಯಾಷನ್ ಎಂದೊಡನೆ ಎಲ್ಲರೂ ಹೇಳುವ ಹೆಸರು ಕೊಕೊ ಶನೆಲ್. ಆಕೆಯನ್ನು ಬಿಟ್ಟುಬಿಟ್ಟೆ ಎನ್ನಬೇಡಿ. ತಾಯಿ ಸತ್ತ ಮೇಲೆ ಅನಾಥಾಲಯ ಸೇರಿ, 1910ರಲ್ಲಿ ಪ್ಯಾರಿಸ್ಸಿನಲ್ಲಿ ಟೋಪಿ ಅಂಗಡಿ ತೆರೆದು, ಗಂಡಸರ ಒಳ ಉಡುಪಿಗೆ ಬಳಸುತ್ತಿದ್ದ ಜರ್ಸಿ ಬಟ್ಟೆಯಲ್ಲಿ ಹೆಂಗಸರಿಗೆ ಸರಳವಾದ ಹೊರ ಉಡುಪು ಮಾಡಿದ್ದು ನಿಜಕ್ಕೂ ದೊಡ್ಡ ಸಾಧನೆ. ಆದರೆ 1936ರಲ್ಲಿ ಆಕೆಯ ಬಳಿ ಹೊಲಿಯುತ್ತಿದ್ದ ಹೆಣ್ಣುಮಕ್ಕಳೇ ಮುಷ್ಕರ ಹೂಡಿ ಆಕೆಯನ್ನು ಒಳಗೆ ಬಿಡದೆ ಬಾಗಿಲಲ್ಲಿ ತಡೆದರು. 1939ರಲ್ಲಿ ಆಕೆ ಹೊಲಿಗೆ ವಿಭಾಗವನ್ನೇ ಮುಚ್ಚಿ ಅವರನ್ನೆಲ್ಲ ಮನೆಗೆ ಕಳಿಸಿದಳು. ಯುದ್ಧಕಾಲದಲ್ಲಿ ಪ್ಯಾರಿಸ್ಸನ್ನು ಆಕ್ರಮಿಸಿದ್ದ ಜರ್ಮನರ ಜೊತೆ ಆಕೆಯ ಒಡನಾಟವೂ ಮರೆಯುವಂಥದ್ದಲ್ಲ. ಹೊಲಿದವರು ಬಾಗಿಲಿಗೆ ಬಂದು ನಿಲ್ಲುವುದು ಪ್ಯಾರಿಸ್ಸಿಗೆ ಮುಗಿದ ಕಥೆಯಲ್ಲ. 2016ರ ಏಪ್ರಿಲ್ ತಿಂಗಳಲ್ಲಿ ನಮ್ಮ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಬೀದಿಗಿಳಿದಾಗ ಕೇಂದ್ರ ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ಈ ಸಭೆಯಲ್ಲಿ ಕುಳಿತಿರುವ ಕೆಲವರ ಅಕ್ಕಂದಿರೂ ಅಮ್ಮಂದಿರೂ ಅಂಥ ಕಾರ್ಖಾನೆಗಳಲ್ಲಿ ದುಡಿಯುವವರೇ. ಅವರು ಹೊಲಿದ ಅಂಗಿಯ ಕಾಲರಿನಲ್ಲಿ ಕಂಪನಿಯ ಹೆಸರಿರುತ್ತದೆ.

ಕೊನೆಯದಾಗಿ ಆನ್ ಲೋ. 1898ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಹುಟ್ಟಿದವರು. ಅಜ್ಜಿ, ತಾಯಿ ಇಬ್ಬರೂ ದರ್ಜಿಗಳು. ಗವರ್ನರರ ಪತ್ನಿಯ ಗೌನುಗಳು ಅರ್ಧ ಹೊಲಿಗೆಯಲ್ಲಿದ್ದಾಗ ತಾಯಿ ತೀರಿಕೊಂಡರು. ಇನ್ನೂ ಹದಿಹರೆಯದ ಆನ್ ಅವುಗಳನ್ನು ಮುಗಿಸಿಕೊಟ್ಟರು. 1917ರಲ್ಲಿ ನ್ಯೂಯಾರ್ಕಿನ ಹೊಲಿಗೆ ಶಾಲೆ ಸೇರಿದರೆ, ಚರ್ಮದ ಬಣ್ಣದ ಕಾರಣಕ್ಕೆ ಬೇರೆ ಕೋಣೆಯಲ್ಲಿ ಒಬ್ಬರನ್ನೇ ಕೂರಿಸಿ ಪಾಠ ಮಾಡಿದರು. 1947ರಲ್ಲಿ ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ಆಸ್ಕರ್ ಪ್ರಶಸ್ತಿ ಸ್ವೀಕರಿಸಿದ್ದು ಆನ್ ಲೋ ಹೊಲಿದ ಗೌನಿನಲ್ಲಿ, ಆದರೆ ಅದರ ಮೇಲಿದ್ದ ಚೀಟಿ ಬೇರೆಯವರ ಹೆಸರಿನದು.

1953ರ ಸೆಪ್ಟೆಂಬರ್ 12ರಂದು ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನಡಿಯವರ ಮದುವೆ. ವಧು ಜಾಕ್ವೆಲಿನ್ ಅವರ ಗೌನು, ಗೆಳತಿಯರ ಗೌನುಗಳು ಎಲ್ಲವೂ ಆನ್ ಲೋ ಕೈಯಲ್ಲಿ. ಮದುವೆಗೆ ಹತ್ತು ದಿನ ಇದ್ದಾಗ ಅಂಗಡಿಯಲ್ಲಿ ನೀರಿನ ಪೈಪು ಒಡೆಯಿತು. ಹದಿನೈದರಲ್ಲಿ ಹತ್ತು ಗೌನುಗಳು ಹಾಳು, ವಧುವಿನದೂ ಸೇರಿ. ಮತ್ತೆ ರೇಷ್ಮೆ ಕೊಂಡು, ಕೆಲಸದವರನ್ನು ಕೂಡಿಸಿ ಹಗಲಿರುಳು ಹೊಲಿದರು. ಮದುವೆ ಮನೆಯವರಿಗೆ ಒಂದು ಮಾತೂ ಹೇಳಲಿಲ್ಲ. 700 ಡಾಲರ್ ಲಾಭ ಬರಬೇಕಿದ್ದ ಕೆಲಸದಲ್ಲಿ 2,200 ಡಾಲರ್ ನಷ್ಟವಾಯಿತು. ಗೌನು ತಲುಪಿಸಲು ಹೋದಾಗ, ಆಳುಗಳು ಬರುವ ಹಿಂಬಾಗಿಲಿನಿಂದ ಬಾ ಎಂದರಂತೆ. ಮುಂಬಾಗಿಲಿನಿಂದ ಬಿಡದಿದ್ದರೆ ಗೌನುಗಳನ್ನು ವಾಪಸು ಒಯ್ಯುತ್ತೇನೆ ಎಂದು ಆಕೆ ನಿಂತರು, ಬಾಗಿಲು ತೆರೆಯಿತು. ಮರುದಿನದ ಪತ್ರಿಕೆಗಳು ಆ ಉಡುಪನ್ನು ಹೊಗಳಿದವು. ಹೊಲಿದವರ ಹೆಸರನ್ನು ಹೆಚ್ಚುಕಡಿಮೆ ಯಾರೂ ಬರೆಯಲಿಲ್ಲ.

ವಿದ್ಯಾರ್ಥಿಗಳೇ, ಇಲ್ಲಿ ಕಟುವಾದ ಒಂದು ಮಾತು ಹೇಳಲೇಬೇಕು. ಆನ್ ಲೋ ಬಡವರಾದದ್ದು ಬಣ್ಣಭೇದದಿಂದ ಮಾತ್ರವಲ್ಲ. ದೊಡ್ಡ ಮನೆಯವರು ಚೌಕಾಸಿ ಮಾಡಿದರೆ ಬೆಲೆ ಇಳಿಸಿಬಿಡುತ್ತಿದ್ದರು, ಎಷ್ಟೋ ಗೌನು ಅಸಲಿಗಿಂತ ಕಡಿಮೆಗೆ ಹೋಗುತ್ತಿತ್ತು. ಲೆಕ್ಕ ನೋಡುತ್ತಿದ್ದ ಮಗ 1958ರಲ್ಲಿ ತೀರಿಕೊಂಡ ಮೇಲೆ ತೆರಿಗೆ ಬಾಕಿ, ಸಾಲ ಬೆಳೆದು ಅಂಗಡಿ ಮುಚ್ಚಿತು. ನಮ್ಮ ಹುಡುಗಿಯರಲ್ಲಿ ಹತ್ತನೆಯ ತರಗತಿ ಫೇಲಾದವಳಿಗೆ ಹೊಲಿಗೆ ತರಗತಿ, ಪಾಸಾದವಳಿಗೆ ಕಾಲೇಜು ಎಂದು ಹಂಚುವ ಪದ್ಧತಿ ಇದೆ. ಇದು ಎರಡಕ್ಕೂ ಅನ್ಯಾಯ. ಹೊಲಿಗೆ ಯಂತ್ರ ಕೊಡುವ ಸಂಘಸಂಸ್ಥೆಗಳಿಗೂ ನನ್ನ ಮನವಿ ಇಷ್ಟೇ: ಯಂತ್ರದ ಜೊತೆ ಒಂದು ಲೆಕ್ಕದ ಪುಸ್ತಕ ಕೊಡಿ. ಬಟ್ಟೆಗೆಷ್ಟು, ದಾರಕ್ಕೆಷ್ಟು, ಕರೆಂಟಿಗೆಷ್ಟು, ತನ್ನ ಎಂಟು ತಾಸಿಗೆಷ್ಟು ಎಂದು ಬರೆಯಲು ಕಲಿಸಿ. ರಂಜಾನ್ ಹಬ್ಬದ ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಕುಳಿತು ಹೊಲಿದವಳು "ಆಪಾ, ನೀವು ಕೊಟ್ಟಷ್ಟು ಕೊಡಿ" ಎನ್ನುವುದು ಸೌಜನ್ಯವಲ್ಲ.

ಆನ್ ಲೋ 1981ರಲ್ಲಿ ತೀರಿಕೊಂಡರು. ಅವರ ಉಡುಪುಗಳು ಈಗ ಅಮೆರಿಕದ ದೊಡ್ಡ ಮ್ಯೂಸಿಯಂಗಳಲ್ಲಿವೆ. 2023ರಲ್ಲಿ ವಿಂಟರ್‌ಥರ್ ಮ್ಯೂಸಿಯಂ ಅವರ ಕೆಲಸದ ಪ್ರದರ್ಶನ ಏರ್ಪಡಿಸಿತು. ಮದುವೆಯ ಆ ಗೌನು ತೀರಾ ನಾಜೂಕಾಗಿರುವುದರಿಂದ ಅದನ್ನು ತರದೆ, ಅಳತೆ ತೆಗೆದು ಅದರಂತೆಯೇ ಇನ್ನೊಂದನ್ನು ಹೊಲಿಸಿ ಇಟ್ಟರು. ಪ್ರದರ್ಶನದ ತಲೆಬರಹದಲ್ಲಿ ಅದನ್ನು ತೊಟ್ಟವರ ಹೆಸರಿರಲಿಲ್ಲ. ಆನ್ ಲೋ ಎಂದಿತ್ತು.