ಪೌಷ್ಟಿಕತೆಯ ಪಾಠ ಅಡುಗೆಮನೆಗೆ ತಲುಪಲಿ



ಪೌಷ್ಟಿಕ ಆಹಾರದ ಕುರಿತ ಕರಪತ್ರಗಳಿಗೆ ನಮ್ಮಲ್ಲಿ ಬರವಿಲ್ಲ. ಗೋಡೆಯ ಮೇಲೆ ಸೇಬು, ದ್ರಾಕ್ಷಿ, ಕ್ಯಾರೆಟ್‌ಗಳ ಬಣ್ಣದ ಚಿತ್ರ. ಕೆಳಗೆ ‘ಸಮತೋಲನ ಆಹಾರ ಸೇವಿಸಿರಿ’ ಎಂಬ ಉಪದೇಶ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವುದೇನು? ಕರ್ನಾಟಕದ 15ರಿಂದ 49ರ ವಯೋಮಾನದ ಮಹಿಳೆಯರಲ್ಲಿ 2015-16ರಲ್ಲಿ ಶೇ. 44.8ರಷ್ಟಿದ್ದ ರಕ್ತಹೀನತೆ 2019-20ರ ವೇಳೆಗೆ ಶೇ. 47.8ಕ್ಕೇರಿತು. ಇದಕ್ಕೆ ಬಡತನ, ಜಂತುಹುಳದ ಬಾಧೆ ಮುಂತಾದ ಕಾರಣಗಳೂ ಇವೆ, ನಿಜ. ಆದರೂ ಆ ಕರಪತ್ರಗಳು ಹೇಳಬೇಕಾದುದನ್ನು ಹೇಳಿವೆಯೇ ಎಂದು ನಾವು ಕೇಳಲೇಬೇಕಾಗಿದೆ.

ಚಹಾದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಊಟ, ತಿಂಡಿ ಮುಗಿದ ಕೂಡಲೇ ಚಹಾ ಕುಡಿಯುವುದು ನಮ್ಮ ಬಹಳಷ್ಟು ಮನೆಗಳ ರೂಢಿ. ಧಾನ್ಯ, ಬೇಳೆ, ಸೊಪ್ಪುಗಳಲ್ಲಿರುವ ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳುವುದಕ್ಕೆ ಚಹಾದಲ್ಲಿರುವ ಟ್ಯಾನಿನ್ ಅಡ್ಡಿಯಾಗುತ್ತದೆ. ಲಿಂಬೆ, ನೆಲ್ಲಿಕಾಯಿ, ಪೇರಳೆಗಳಲ್ಲಿರುವ ‘ಸಿ’ ಜೀವಸತ್ವವು ಅದಕ್ಕೆ ನೆರವಾಗುತ್ತದೆ. ಊಟದ ಮುಂಚಿನ ಮತ್ತು ನಂತರದ ಒಂದು ಗಂಟೆ ಚಹಾ, ಕಾಫಿ ಬೇಡವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ಇದನ್ನು ಪಾಲಿಸಲು ಚಿಕ್ಕಾಸಿನ ಖರ್ಚೂ ಇಲ್ಲ. ಸೊಪ್ಪು ತಿನ್ನಿರಿ ಎನ್ನುವ ಕರಪತ್ರವು ಇಷ್ಟನ್ನೂ ಹೇಳದಿದ್ದರೆ ಅದು ಅರ್ಧ ಪಾಠ ಮಾತ್ರ.

ಅದೇ ಮಾರ್ಗಸೂಚಿಯ ತಟ್ಟೆಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿಯಿದೆ. ಐವರು ವಯಸ್ಕರಿರುವ ಮನೆಗೆ ಎರಡು ಕಿಲೋ ಆಯಿತು! ದಿನಗೂಲಿಯ ಕುಟುಂಬ ಇದನ್ನು ಎಲ್ಲಿಂದ ತರಬೇಕು? ಅಡುಗೆಮನೆಯಲ್ಲಿ ತಕ್ಕಡಿ ಇರುತ್ತದೆಯೇ? ಗ್ರಾಂ ಲೆಕ್ಕವನ್ನು ಬಟ್ಟಲು, ಸೌಟುಗಳ ಲೆಕ್ಕಕ್ಕೆ ಇಳಿಸಬೇಕು. ಸೇಬಿನ ಚಿತ್ರವಿರುವಲ್ಲಿ ನುಗ್ಗೆಸೊಪ್ಪು, ರಾಗಿ, ನೆಲಗಡಲೆ, ಕರಾವಳಿಯಲ್ಲಾದರೆ ಬೂತಾಯಿ ಮೀನು ಬರಬೇಕು.

ಇನ್ನು ಮೊಟ್ಟೆಯ ವಿಚಾರ. ಅಪೌಷ್ಟಿಕತೆ ಹೆಚ್ಚಿದ್ದ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲಾ ಮಕ್ಕಳಿಗೆ 2021ರ ಡಿಸೆಂಬರ್‌ನಲ್ಲಿ ರಾಜ್ಯ ಸರಕಾರ ಮೊಟ್ಟೆ ಕೊಡಲಾರಂಭಿಸಿತು. ಮರುವರ್ಷವೇ, ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ರಾಜ್ಯದ ಸಮಿತಿಯೊಂದು ಸಿದ್ಧಪಡಿಸಿದ ವರದಿಯು, ಮೊಟ್ಟೆ ಮತ್ತು ಮಾಂಸದ ನಿಯಮಿತ ಸೇವನೆ ಜೀವನಶೈಲಿಯ ರೋಗಗಳಿಗೆ ದಾರಿ ಎಂದಿತು! ಪೋಷಣಾ ಸಂಸ್ಥೆಯ ಮಾರ್ಗಸೂಚಿಯು ಮೊಟ್ಟೆಯನ್ನು ತಟ್ಟೆಯಿಂದ ಹೊರಗಿಟ್ಟಿಲ್ಲ. ಒಂದು ವರ್ಗದ ಅಭಿರುಚಿಯನ್ನು ವಿಜ್ಞಾನವೆಂದು ಬರೆದರೆ ಬಡ ಮಗುವಿನ ಪಾಲಿನ ಪ್ರೋಟೀನು ಕೈತಪ್ಪುತ್ತದೆ.

ಸರಕಾರವನ್ನು ಪ್ರಶ್ನಿಸುವ ನಮ್ಮ ಜಮಾಅತ್‌ಗಳೂ ಮಹಿಳಾ ಸಂಘಟನೆಗಳೂ ಆರೋಗ್ಯ ಶಿಬಿರಗಳಿಗಾಗಿ ಸ್ವತಃ ಕರಪತ್ರ ಮುದ್ರಿಸುತ್ತವೆ. ಅಚ್ಚಿಗೆ ಕೊಡುವ ಮುನ್ನ ಅದನ್ನು ಮೊಹಲ್ಲಾದ ಹತ್ತು ಮಂದಿ ತಾಯಂದಿರ ಮುಂದೆ ಓದಿರಿ. ಇಂದಿನ ಅಡುಗೆಯಲ್ಲಿ ಏನನ್ನು ಬದಲಿಸುವಿರಿ ಎಂದು ಕೇಳಿರಿ. ಅವರಿಗೆ ಉತ್ತರ ಹೊಳೆಯದಿದ್ದರೆ ಕರಪತ್ರವನ್ನು ಮತ್ತೆ ಬರೆಯಿರಿ. ಓದಲು ಬಾರದವರಿಗಾಗಿ ಉರ್ದು, ಬ್ಯಾರಿ ಭಾಷೆಗಳಲ್ಲಿ ಬಾಯಿಮಾತಿನಲ್ಲೇ ತಿಳಿಸುವ ವ್ಯವಸ್ಥೆ ಮಾಡಿರಿ.