ತಾಂಡಾದ ಮಾತು, ಶಾಲೆಯ ಬಾಗಿಲು
(ಬಾನುಲಿ ಭಾಷಣ)

ರೋಣ, ನರಗುಂದ, ಗಜೇಂದ್ರಗಡ ಎಂಬ ಮೂರು ಹೆಸರುಗಳನ್ನು ಒಟ್ಟಿಗೆ ಉಚ್ಚರಿಸಿದೊಡನೆ ನಮ್ಮ ಕಡೆಯವರ ಕಣ್ಣೆದುರು ಕೆಲವು ಚಿತ್ರಗಳು ಮೂಡುತ್ತವೆ. ನರಗುಂದವೆಂದರೆ 1858ರಲ್ಲಿ ಬಾಬಾಸಾಹೇಬನು ಹೂಡಿದ ಬಂಡಾಯ. ಅದಾದ ನೂರಿಪ್ಪತ್ತೆರಡು ವರ್ಷಗಳ ಮೇಲೆ, 1980ರಲ್ಲಿ, ಅದೇ ನೆಲದ ರೈತರು ಎದ್ದು ನಿಂತ ಕಥೆ. ರೋಣವೆಂದರೆ ಎರೆಹೊಲ, ಬಿಳಿಜೋಳ. ಗಜೇಂದ್ರಗಡವೆಂದರೆ ಕೋಟೆ, ಕಾಲಕಾಲೇಶ್ವರನ ಗುಡ್ಡ, ಕೈಮಗ್ಗದ ಸೀರೆ. ಇವೆಲ್ಲ ನಮ್ಮ ಪಠ್ಯಗಳಲ್ಲಿ ಒಂದಲ್ಲ ಒಂದು ಕಡೆ ಬಂದಿವೆ. ಆದರೆ ಅದೇ ಗುಡ್ಡಗಳ ಸೆರಗಿನಲ್ಲಿ, ಮಸಾರಿ ನೆಲದ ಅಂಚಿನಲ್ಲಿ ಇರುವ ಲಂಬಾಣಿ ತಾಂಡಾಗಳ ಚಿತ್ರ ಮಾತ್ರ ನಮ್ಮ ಶಾಲೆಯ ಗೋಡೆಯ ಮೇಲೆ ಬಹುಕಾಲ ಏರಲೇ ಇಲ್ಲ. ಆ ಮಾತನ್ನೇ ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ನಾನು ಪ್ರಾಥಮಿಕ ಶಾಲೆಯ ಮಾಸ್ತರಿಕೆಯಲ್ಲಿ ಆಯುಷ್ಯ ಕಳೆದವನು. ನನ್ನದೊಂದು ತಪ್ಪಿನ ಒಪ್ಪಿಗೆಯೂ ಇದರಲ್ಲಿ ಸೇರಿದೆ.

ಲಂಬಾಣಿಗರು ಎತ್ತುಗಳ ಮೇಲೆ ಉಪ್ಪು, ದವಸಗಳನ್ನು ಹೇರಿಕೊಂಡು ಉತ್ತರದಿಂದ ದಖ್ಖಣಕ್ಕೆ ನಡೆದು ಬಂದವರು. ಮೊಗಲರ ದಂಡಿಗೂ ದಕ್ಷಿಣದ ಸುಲ್ತಾನರ ದಂಡಿಗೂ ಕಾಳು ಮುಟ್ಟಿಸಿದವರು ಅವರು. ಇಂಗ್ಲಿಷರ ಸಡಕುಗಳೂ, 1880ರ ದಶಕದಲ್ಲಿ ಗದಗ, ಹೊಳೆಆಲೂರ, ಬದಾಮಿಯ ಮಾರ್ಗವಾಗಿ ಬಂದ ರೇಲ್ವೆಯೂ ಆ ಎತ್ತಿನ ಹೇರಿನ ಬದುಕನ್ನು ಮುಗಿಸಿದವು. ಕಸುಬು ಕಳೆದುಕೊಂಡು ಅಲೆಯುವವರನ್ನು ಸರಕಾರ ಕಂಡದ್ದು ಸಂಶಯದ ಕಣ್ಣಿನಿಂದ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಂತಹ ಎಷ್ಟೋ ಅಲೆಮಾರಿ ಸಮುದಾಯಗಳಿಗೆ ಹುಟ್ಟಿನಿಂದಲೇ ಕಳಂಕ ಹಚ್ಚಿತು. ಗದಗ–ಬೆಟಗೇರಿಯಲ್ಲಿ ಇಂದಿಗೂ ‘ಸೆಟ್ಲಮೆಂಟ್’ ಎಂಬ ಹೆಸರು ಉಳಿದಿರುವುದು ಆ ಕಾಲದ ಗುರುತಾಗಿಯೇ. ಕಾಯಿದೆ 1952ರಲ್ಲಿ ಹೋಯಿತು. ಕಣ್ಣಿನ ಸಂಶಯ ಅಷ್ಟು ಬೇಗ ಹೋಗಲಿಲ್ಲ. ಒಂದೇ ಸಮುದಾಯ ಇಂದು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಆಂಧ್ರ–ತೆಲಂಗಾಣಗಳಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಗಡಿ ದಾಟಿದಂತೆ ಹೆಸರು ಬದಲಾಗುತ್ತದೆ. ಮನೆಯೊಳಗಿನ ಮಾತು ಮಾತ್ರ ಬದಲಾಗುವುದಿಲ್ಲ. ಅದಕ್ಕೆ ಗೋರ್‌ಬೋಲಿ ಎಂದು ಹೆಸರು. ಅದು ರಾಜಸ್ಥಾನದ ನುಡಿಗಳ ಬಳಗಕ್ಕೆ ಸೇರಿದ್ದು, ಸ್ವಂತ ಲಿಪಿಯಿಲ್ಲದ್ದು. 2011ರ ಜನಗಣತಿಯಲ್ಲಿ ಲಮಾಣಿಯನ್ನು ತಾಯ್ನುಡಿಯೆಂದು ಬರೆಯಿಸಿದವರು ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು. ಆದರೆ ಗಣತಿಯವರು ಅದನ್ನು ಹಿಂದಿಯ ಲೆಕ್ಕದೊಳಗೆ ಸೇರಿಸಿಬಿಟ್ಟರು.

ಈಗ ನನ್ನ ಕಥೆಗೆ ಬರುತ್ತೇನೆ. ಮೂವತ್ತೈದು ವರ್ಷಗಳ ಹಿಂದೆ ಗಜೇಂದ್ರಗಡದ ಸುತ್ತಿನ ಒಂದು ಊರಿಗೆ ನನ್ನ ವರ್ಗವಾಯಿತು. ಊರಿನಿಂದ ಅರ್ಧ ಹರದಾರಿ ದೂರದ ತಾಂಡಾದಿಂದ ಹತ್ತು ಹನ್ನೆರಡು ಮಕ್ಕಳು ಶಾಲೆಗೆ ಬರುತ್ತಿದ್ದರು. ಹಿಂದಿನ ಸಾಲಿನಲ್ಲಿ ಕೂಡುತ್ತಿದ್ದರು; ಅಲ್ಲಿ ಕೂಡಿರೆಂದು ಯಾರೂ ಹೇಳಿರಲಿಲ್ಲ, ಮುಂದೆ ಬನ್ನಿರೆಂದೂ ಯಾರೂ ಹೇಳಿರಲಿಲ್ಲ. ಒಂದನೆಯ ಇಯತ್ತೆಗೆ ಹೊಸದಾಗಿ ಬಂದ ಹುಡುಗನೊಬ್ಬನನ್ನು ನಾನು ಹಲಗೆಯ ಹತ್ತಿರ ಕರೆದೆ. ‘ಬಾ’ ಎಂದೆ. ಹುಡುಗ ಎದ್ದವನು ನನ್ನ ಕಡೆಗೆ ಬರದೆ ಬಾಗಿಲ ಕಡೆಗೆ ನೋಡಿದ. ಮತ್ತೆ ‘ಬಾ’ ಎಂದೆ. ಅವನು ಮತ್ತೆ ಬಾಗಿಲು ನೋಡಿದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಗೋರ್‌ಬೋಲಿಯಲ್ಲಿ ‘ಬಾ’ ಎಂದರೆ ತಂದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಹುಡುಗ ತನ್ನ ತಂದೆ ಬಂದನೆಂದು ತಿಳಿದು ಬಾಗಿಲು ನೋಡಿದ್ದ.

ಆ ನಗುವಿನ ಮೇಲೆ ಅವನು ಶಾಲೆಯಲ್ಲಿ ಬಾಯಿ ತೆರೆಯಲಿಲ್ಲ. ತಾಂಡಾದ ಮಕ್ಕಳು ತಮ್ಮತಮ್ಮೊಳಗೆ ಮಾತಾಡಿದಾಗಲೆಲ್ಲ, ‘ಆ ಮಾತು ಚಪ್ಪಲಿ ಜೋಡಿ ಹೊರಗ ಬಿಟ್ಟು ಬರ್ರಿ’ ಎಂದು ಗದರುವುದು ನನ್ನ ರೂಢಿಯಾಗಿತ್ತು. ಕನ್ನಡ ಬೇಗ ಬರಲಿ ಎಂಬುದೇ ನನ್ನ ಉದ್ದೇಶ. ಅದರಲ್ಲಿ ಕೇಡು ಇರಲಿಲ್ಲ. ಆದರೆ ಆರು ತಿಂಗಳ ಮೇಲೆ ಅವನ ಹೆಸರಿನ ಮುಂದೆ ‘ಮಂದಬುದ್ಧಿ’ ಎಂದು ಬರೆದದ್ದು ಇದೇ ಕೈ.

ದೀಪಾವಳಿಯ ಅಮಾವಾಸ್ಯೆಯ ಸಂಜೆ ತಾಂಡಾದ ನಾಯಕರು ಕರೆದರೆಂದು ಹೋದೆ. ಹೆಣ್ಣುಮಕ್ಕಳು ದೀಪ ಹಿಡಿದು ಮನೆಮನೆಗೆ ‘ಮೇರಾ’ ಹಾಡುತ್ತ ಹೊರಟಿದ್ದರು. ಅವರ ಬೆನ್ನ ಹಿಂದೆ ನನ್ನ ‘ಮಂದಬುದ್ಧಿ’ಯ ಹುಡುಗ ಹಾಡನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದ, ಯಾವ ಮನೆಯಲ್ಲಿ ಎಷ್ಟು ಆಡು, ಎಷ್ಟು ಮರಿ ಎಂದು ಕೇಳಿದವರಿಗೆಲ್ಲ ಬೆರಳು ಮಡಚದೆ ಲೆಕ್ಕ ಹೇಳುತ್ತಿದ್ದ. ಅವನ ತಾಯಿ ನನ್ನನ್ನು ಕಂಡು ಅಂದಳು: ‘ಸರ, ಸಾಲ್ಯಾಗ ಇವ ಮಾತಾಡೂದಿಲ್ಲ ಅಂತೀರಂತ. ಮನ್ಯಾಗ ಇವನ ಬಾಯಿ ಮುಚ್ಚಿಸೂದ ನಮಗೊಂದು ಕೆಲಸ ಆಗೇತ್ರೀ.’ ಆಕೆ ದೂರಿನ ದನಿಯಲ್ಲಿ ಹೇಳಲಿಲ್ಲ, ಸೋಜಿಗದಿಂದ ಹೇಳಿದಳು. ನನಗೆ ಮಾತ್ರ ತಲೆ ಎತ್ತಲಾಗಲಿಲ್ಲ. ಮರುವಾರ ಆ ಮನೆಯವರು ಕಟ್ಟಡದ ಕೆಲಸಕ್ಕೆಂದು ಗೋವೆಗೆ ಗುಳೆ ಹೋದರು. ಹುಡುಗನೂ ಹೋದ. ಅವನು ತಿರುಗಿ ನನ್ನ ಶಾಲೆಗೆ ಬರಲಿಲ್ಲ. ತಿದ್ದಬೇಕೆಂದು ನಾನು ಹಾಜರಿ ಪುಸ್ತಕ ತೆರೆದಾಗ ತಿದ್ದಿಸಿಕೊಳ್ಳಬೇಕಾದವನೇ ಇರಲಿಲ್ಲ.

ಶ್ರೋತೃಗಳೇ, ನಾವು ಕನ್ನಡಿಗರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಮೊಳಗಿದ ನಾಡಗೀತೆಯನ್ನು ಬರೆದ ಹುಯಿಲಗೋಳ ನಾರಾಯಣರಾಯರು ನಮ್ಮ ಗದಗಿನವರೆಂದು ಹೆಮ್ಮೆಪಡುವವರು. ಶಾಲೆಯಲ್ಲಿ ತಾಯ್ನುಡಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು 1982ರ ಗೋಕಾಕ ಚಳವಳಿಯಲ್ಲಿ ಬೀದಿಗೆ ಇಳಿದವರು. ಕಾಸರಗೋಡಿನ, ಸೊಲ್ಲಾಪುರದ ಕನ್ನಡದ ಮಕ್ಕಳಿಗಾಗಿ ನಾವು ಇಂದಿಗೂ ಕೇಳುತ್ತಿರುವುದು ಆ ನ್ಯಾಯವನ್ನೇ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆನ್ನುವ ಸಂವಿಧಾನದ 350–ಎ ವಿಧಿ 1956ರಲ್ಲಿ ಸೇರಿದ್ದು. ಆ ನ್ಯಾಯ ಗಡಿಯಾಚೆಯ ಕನ್ನಡದ ಕೂಸಿಗೆ ಸಲ್ಲುವುದಾದರೆ ಗಡಿಯೊಳಗಿನ ಗೋರ್‌ಬೋಲಿಯ ಕೂಸಿಗೆ ಸಲ್ಲದೆ ಹೋದೀತೆ?

‘ಲಿಪಿಯಿಲ್ಲದ ಮಾತಿನಲ್ಲಿ ಏನು ಕಲಿಸುವುದು, ಕಲಿಸುವವರಾರು?’ ಎಂದು ಕೇಳುವವರಿದ್ದಾರೆ. ತಾಂಡಾದ ಹಿರಿಯರೇ, ‘ನಮ್ಮ ಮಾತು ಮನ್ಯಾಗ ಅದ, ಸಾಲ್ಯಾಗ ಕನ್ನಡ, ಇಂಗ್ಲಿಷ್ ಕಲಸ್ರೀ’ ಎಂದದ್ದನ್ನು ನಾನು ಕೇಳಿದ್ದೇನೆ. ಅವರ ಮಾತು ನ್ಯಾಯವಾದದ್ದು. ಕನ್ನಡವಿಲ್ಲದೆ ರೋಣದ ಕಚೇರಿಯಲ್ಲಿ ಅರ್ಜಿಯೂ ನಡೆಯದು. ಆದರೆ ಮಗುವಿನ ಮಾತನ್ನು ಕಿತ್ತುಹಾಕಿ ಅದರ ಜಾಗದಲ್ಲಿ ಕನ್ನಡವನ್ನು ನಡಬೇಕಾಗಿಲ್ಲ. ಒಡಿಶಾ ರಾಜ್ಯ 2007ರಲ್ಲಿ ಹತ್ತು ಬುಡಕಟ್ಟು ಭಾಷೆಗಳಲ್ಲಿ ಮೊದಲ ಪಾಠಗಳನ್ನು ಆರಂಭಿಸಿ ಅಲ್ಲಿಂದ ಒಡಿಯಾಕ್ಕೆ ಸೇತುವೆ ಕಟ್ಟಿತು. ನ್ಯೂಜಿಲೆಂಡಿನ ಮಾವೋರಿಗಳು 1982ರಲ್ಲಿ ಅಜ್ಜ ಅಜ್ಜಿಯರನ್ನೇ ಗುರುಗಳನ್ನಾಗಿಸಿ ‘ಭಾಷೆಯ ಗೂಡು’ಗಳನ್ನು ಕಟ್ಟಿದರು. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಅಗಲಿಸಿ, ಅವರ ಮಾತಿಗೆ ಶಿಕ್ಷೆ ವಿಧಿಸಿದ ವಸತಿಶಾಲೆಗಳಿಗಾಗಿ ಕೆನಡಾದ ಪ್ರಧಾನಿ 2008ರಲ್ಲಿ ಲೋಕಸಭೆಯಲ್ಲಿ ಕ್ಷಮೆ ಬೇಡಬೇಕಾಯಿತು. ಲಿಪಿಯ ಮಾತಿಗೆ ಬಂದರೆ, ಗೋರ್‌ಬೋಲಿಯನ್ನು ಕನ್ನಡ ಲಿಪಿಯಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ಆ ಸಮುದಾಯದಿಂದ ಬಂದ ಬಿ.ಟಿ. ಲಲಿತಾ ನಾಯಕರಂಥವರು ಕನ್ನಡದಲ್ಲಿಯೇ ಬರೆದು ನಮ್ಮ ಸಾಹಿತ್ಯವನ್ನು ಬೆಳೆಸಿದ್ದಾರೆ. ಸೇತುವೆಯ ಮೇಲೆ ಎರಡೂ ಕಡೆಯಿಂದ ನಡೆಯಬಹುದು.

ನನ್ನ ಮುಂದಿನ ಶಾಲೆಯಲ್ಲಿ ನಾನು ಮಾಡಿದ್ದು ಬಹಳ ಸಣ್ಣದು. ಮೊದಲು ಐವತ್ತು ಶಬ್ದ ಕಲಿತೆ. ಯಾಡಿ ಎಂದರೆ ತಾಯಿ, ಪಾಣಿ ಎಂದರೆ ನೀರು, ಬಾಟಿ ಎಂದರೆ ರೊಟ್ಟಿ. ಹಲಗೆಯ ಮೇಲೆ ಎರಡು ಸಾಲು ಎಳೆದು, ಒಂದರಲ್ಲಿ ಕನ್ನಡ, ಇನ್ನೊಂದರಲ್ಲಿ ಅವರ ಮಾತು ಬರೆದೆ. ಊರಿನ ಮಕ್ಕಳೂ ಕಲಿತರು, ನಗುವುದು ನಿಂತಿತು. ಬೀಜ ಮೊಳೆಯುವ ಪಾಠ ಬಂದಾಗ ತಾಂಡಾದ ಹುಡುಗಿಯೊಬ್ಬಳು ಶ್ರಾವಣದ ತೀಜ್ ಹಬ್ಬದ ಬುಟ್ಟಿಯನ್ನು ತಂದಳು. ಲಗ್ನವಾಗದ ಹೆಣ್ಣುಮಕ್ಕಳು ಮಣ್ಣುಗೊಬ್ಬರ ತುಂಬಿ ಗೋದಿ ಬಿತ್ತಿ, ಒಂಬತ್ತು ದಿನ ನೀರು ಹಾಕಿ ಬೆಳೆಸುವ ಬುಟ್ಟಿ ಅದು. ಯಾವ ದಿನ ಬೇರು, ಯಾವ ದಿನ ಎಲೆ ಎಂದು ಅವಳೇ ಹೇಳಿದಳು, ನಾನು ಬರೆದುಕೊಂಡೆ. ಅವಳ ತಾಯಿಯ ಕಸೂತಿಯ ಚೌಕ, ತ್ರಿಕೋಣಗಳಲ್ಲಿ ರೇಖಾಗಣಿತದ ಅರ್ಧ ಪಾಠ ಮುಗಿಯಿತು. ಇದಕ್ಕೆ ಸರಕಾರದ ಸುತ್ತೋಲೆ ಬೇಕಾಗಿರಲಿಲ್ಲ. ಖರ್ಚಿಗೆ ಒಂದು ಡಬ್ಬಿ ಬಣ್ಣದ ಖಡು ಸಾಕಾಯಿತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಾದೆಡೆ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಬೇಕೆಂದಿದೆ. 2023ರ ಜನವರಿಯಲ್ಲಿ ಕಲಬುರಗಿ ಸೀಮೆಯಲ್ಲಿ ತಾಂಡಾಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಮನೆಯ ಹಕ್ಕುಪತ್ರ ಕೊಡಲಾಯಿತು. ನೆಲಕ್ಕೆ ಹಕ್ಕುಪತ್ರ ಕೊಟ್ಟಂತೆ ನಾಲಗೆಗೂ ಒಂದು ಹಕ್ಕು ಉಂಟು. ಅದನ್ನು ಕೊಡುವ ಅಧಿಕಾರ ಮಾತ್ರ ತರಗತಿಯಲ್ಲಿ ನಿಂತ ಮಾಸ್ತರನದು, ಬಾಯಿಯವರದು. ಸೀಮೆಸುಣ್ಣ ಹಿಡಿದ ತಮ್ಮಂದಿರಿಗೆ, ತಂಗಿಯರಿಗೆ ನನ್ನದು ಇಷ್ಟೇ ಬಿನ್ನಹ: ಹಿಂದಿನ ಸಾಲಿನ ಮಗು ಸುಮ್ಮನಿದ್ದರೆ, ಅದಕ್ಕೆ ಮಾತು ಬಾರದೆಂದು ಬರೆಯುವ ಮೊದಲು, ಅದರ ಮಾತು ನಮಗೆ ಬಾರದೇನೋ ಎಂದು ಒಮ್ಮೆ ಕೇಳಿಕೊಳ್ಳಿರಿ.

ಗೋವೆಗೆ ಹೋದ ಆ ಹುಡುಗ ಈಗ ನಲವತ್ತು ದಾಟಿದವನಾಗಿರಬೇಕು. ಅವನ ಮಕ್ಕಳು ಯಾವುದೋ ಶಾಲೆಯಲ್ಲಿ ಕಲಿತಿರಬಹುದು. ಅಲ್ಲಿ ಯಾರೋ ಅವರನ್ನು ‘ಬಾ’ ಎಂದು ಕರೆದಾಗ ಅವರು ಬಾಗಿಲ ಕಡೆಗೆ ನೋಡಿದ್ದರೆ, ನಗದೆ ಕಾದು ನಿಲ್ಲುವ ಒಬ್ಬ ಗುರು ಅಲ್ಲಿದ್ದಿರಲಿ ಎಂಬುದೇ ನನ್ನ ಹಾರೈಕೆ.